ಸೂಜಿ ಹಾಕಿ ಡಾಕ್ಟರು ಹೋದ ಮೇಲೆ



"ಮೇಡಂ, ನೀವು ಸೂಜಿ ಹಾಕಿ ಹೋದ ಮೇಲೆ ಹಸುವಿನ ಕುತ್ತಿಗೆ ಊದಿಕೊಂಡಿದೆ. ಬೆಳಿಗ್ಗೆ ಎರಡು ಲೀಟರ್ ಹಾಲೂ ಕಡಿಮೆ. ಏನಾಯ್ತು ಅಂತ ಬಂದು ನೋಡಿ." ಇಂಥ ಫೋನು ಬರದ ವಾರ ನನ್ನ ಕೆಲಸದಲ್ಲಿ ಇಲ್ಲ. ಎಷ್ಟೋ ಸಲ ಹೆದರುವಂಥದ್ದು ಏನೂ ಇರುವುದಿಲ್ಲ, ಎರಡು ದಿನದಲ್ಲಿ ತಾನಾಗಿ ಸರಿಹೋಗುತ್ತದೆ. ಆದರೆ ಕೆಲವು ಸಲ ನಿಜಕ್ಕೂ ತಕ್ಷಣ ಹೊರಡಬೇಕಾದ ವಿಷಯಕ್ಕೆ ಫೋನೇ ಬರುವುದಿಲ್ಲ. "ಸೂಜಿ ಹಾಕಿದ್ದಾರಲ್ಲ, ಹೀಗೇ ಇರಬೇಕು" ಎಂದುಕೊಂಡು ಮನೆಯವರು ಸುಮ್ಮನಿದ್ದುಬಿಡುತ್ತಾರೆ.

ನಾನು ನಿಮ್ಮ ಕೊಟ್ಟಿಗೆಯಲ್ಲಿ ಇರುವುದು ಹೆಚ್ಚೆಂದರೆ ಅರ್ಧ ಗಂಟೆ. ಉಳಿದ ಹೊತ್ತೆಲ್ಲ ಹಸುವಿನ ಜೊತೆ ಇರುವವರು ನೀವು. ಆದ್ದರಿಂದ ಕಾಯಿಲೆಯ ಲಕ್ಷಣ ಎಷ್ಟು ಗೊತ್ತಿರಬೇಕೋ, ಚಿಕಿತ್ಸೆಯ ನಂತರ ಏನು ಸಹಜ, ಏನು ಸಹಜವಲ್ಲ ಎನ್ನುವುದೂ ಅಷ್ಟೇ ಗೊತ್ತಿರಬೇಕು. ಈ ಸಂಚಿಕೆಯಲ್ಲಿ ಅದನ್ನೇ ಬರೆಯುತ್ತಿದ್ದೇನೆ.

ಹಾಲು ಜ್ವರ: ಎದ್ದು ನಿಂತರೆ ಮುಗಿಯಲಿಲ್ಲ

ಮೊದಲು ನನ್ನದೇ ಒಂದು ತಪ್ಪು ಹೇಳಿಬಿಡುತ್ತೇನೆ. ಕೆಲಸಕ್ಕೆ ಸೇರಿದ ಮೊದಲ ವರ್ಷ. ಮೂರನೇ ಕರು ಹಾಕಿದ ಎಚ್‌ಎಫ್ ಹಸು, ಕರು ಹಾಕಿದ ಮಾರನೇ ದಿನ ಸಂಜೆ ಮಲಗಿದ್ದು ಎದ್ದಿರಲಿಲ್ಲ. ಹೋದೆ, ಕ್ಯಾಲ್ಸಿಯಂ ಬಾಟಲಿ ಹಾಕಿದೆ, ಅರ್ಧ ಗಂಟೆಯೊಳಗೆ ಹಸು ಎದ್ದು ನಿಂತಿತು. ಆ ಅಕ್ಕನಿಗೂ ಸಂತೋಷ, ನನಗೂ ಸಂತೋಷ. ಕಾಫಿ ಕುಡಿದು ಹೊರಟುಬಂದೆ. ರಾತ್ರಿ ಕೆಚ್ಚಲು ಬಿಗಿದಿದೆಯೆಂದು ಆಕೆ ಪೂರ್ತಿ ಹಾಲು ಕರೆದರು, ಎಂದಿನಂತೆ ಮಲಗಿದರು. ಬೆಳಗಿನ ಜಾವ ನೋಡಿದರೆ ಹಸು ಉದ್ದಕ್ಕೆ ಬಿದ್ದು ಹೊಟ್ಟೆ ಉಬ್ಬಿಸಿಕೊಂಡಿತ್ತು. ನಾನು ಮುಟ್ಟುವಷ್ಟರಲ್ಲಿ ಜೀವ ಹೋಗಿತ್ತು. "ಎದ್ದು ನಿಂತಿತ್ತಲ್ಲ ಮೇಡಂ" ಎಂದರು. ಹೌದು, ನಿಂತಿತ್ತು. ಮತ್ತೆ ಬೀಳಬಹುದು, ಪೂರ್ತಿ ಕರೆಯಬೇಡಿ, ರಾತ್ರಿ ಎದ್ದು ನೋಡಿ ಎಂದು ನಾನು ಹೇಳಿರಲಿಲ್ಲ.

ಹಾಲು ಜ್ವರ ಅನ್ನುವ ಹೆಸರೇ ದಾರಿ ತಪ್ಪಿಸುತ್ತದೆ. ಇದರಲ್ಲಿ ಜ್ವರ ಇರುವುದಿಲ್ಲ. ಹಸುವಿನ ಸಾಮಾನ್ಯ ಮೈಬಿಸಿ 101.5 ಡಿಗ್ರಿ ಆಸುಪಾಸು. ಹಾಲು ಜ್ವರದಲ್ಲಿ ಅದಕ್ಕಿಂತ ಕಡಿಮೆಯಾಗಿ ಕಿವಿ, ಕಾಲು ತಣ್ಣಗಾಗುತ್ತವೆ. ಆಗುವುದೇನೆಂದರೆ, ಹಸುವಿನ ರಕ್ತದಲ್ಲಿ ಒಂದು ಹೊತ್ತಿಗೆ ಓಡಾಡುವ ಕ್ಯಾಲ್ಸಿಯಂ ಸುಮಾರು 3 ಗ್ರಾಂ ಅಷ್ಟೇ. ಒಂದು ಲೀಟರ್ ಗಿಣ್ಣು ಹಾಲಿನಲ್ಲೇ 2 ಗ್ರಾಂಗೂ ಮೇಲೆ ಹೋಗುತ್ತದೆ. ಹತ್ತು ಲೀಟರ್ ಗಿಣ್ಣು ಇಳಿಸುವ ಹಸು ಎಷ್ಟು ಕಳೆದುಕೊಳ್ಳುತ್ತದೆ ಲೆಕ್ಕ ಹಾಕಿ. ಎಲುಬಿನಿಂದ, ಕರುಳಿನಿಂದ ಕ್ಯಾಲ್ಸಿಯಂ ತೆಗೆದು ರಕ್ತಕ್ಕೆ ತುಂಬುವ ವ್ಯವಸ್ಥೆ ಅದರ ಮೈಯಲ್ಲೇ ಇದೆ. ಆದರೆ ಅದು ಚುರುಕಾಗಲು ಒಂದೆರಡು ದಿನ ಬೇಕು. ಆ ಒಂದೆರಡು ದಿನವೇ ಅಪಾಯ. ಹೆಚ್ಚಾಗಿ ಮೂರನೇ ಕರುವಿನಿಂದ ಮುಂದೆ, ಹೆಚ್ಚು ಹಾಲು ಕೊಡುವ ಹಸುಗಳಲ್ಲಿ, ಕರು ಹಾಕಿದ 72 ಗಂಟೆಯೊಳಗೆ ಬರುತ್ತದೆ.

ಮೊದಲು ಹಸು ಮೇವು ಬಿಡುತ್ತದೆ, ಹಿಂಗಾಲು ಸೆಟೆದುಕೊಂಡು ತಡವರಿಸುತ್ತದೆ, ಮೈ ಸಣ್ಣಗೆ ನಡುಗುತ್ತದೆ. ಆಮೇಲೆ ಕುಸಿದು ಕೂರುತ್ತದೆ. ಕತ್ತು ಪಕ್ಕಕ್ಕೆ ತಿರುಗಿಸಿ ತಲೆಯನ್ನು ಪಕ್ಕೆಯ ಮೇಲೆ ಇಟ್ಟುಕೊಳ್ಳುತ್ತದೆ. ಮೂತಿ ಒಣಗಿರುತ್ತದೆ, ಸಗಣಿ ಗಂಜಲ ನಿಲ್ಲುತ್ತದೆ. ಇನ್ನೂ ತಡವಾದರೆ ಉದ್ದಕ್ಕೆ ಮಲಗಿಬಿಡುತ್ತದೆ. ಅಲ್ಲಿಂದ ಮುಂದೆ ಲೆಕ್ಕ ಗಂಟೆಗಳದ್ದು. ಡಾಕ್ಟರು ಬರುವವರೆಗೆ ಹಸುವನ್ನು ಅಡ್ಡ ಬೀಳಲು ಬಿಡದೆ, ಹುಲ್ಲಿನ ಮೂಟೆಯನ್ನೋ ಮರಳಿನ ಚೀಲವನ್ನೋ ಒತ್ತಿಟ್ಟು ಎದೆಯ ಮೇಲೆ ಕೂರಿಸಿ. ಬೆಲ್ಲದ ನೀರು, ಎಣ್ಣೆ, ಟಾನಿಕ್ ಎಂದು ಬಾಯಿಗೆ ಏನನ್ನೂ ಹೊಯ್ಯಬೇಡಿ. ಈ ಸ್ಥಿತಿಯಲ್ಲಿ ನುಂಗುವ ಶಕ್ತಿ ಇರುವುದಿಲ್ಲ, ಹೊಯ್ದದ್ದು ಶ್ವಾಸಕೋಶಕ್ಕೆ ಇಳಿಯುತ್ತದೆ. ಕ್ಯಾಲ್ಸಿಯಂನಿಂದ ಎದ್ದ ಹಸು ಆಮೇಲೆ ನ್ಯುಮೋನಿಯಾದಿಂದ ಹೋಗಿದ್ದನ್ನು ನೋಡಿದ್ದೇನೆ.

ಈಗ ಚಿಕಿತ್ಸೆಯ ವಿಷಯ. ಕ್ಯಾಲ್ಸಿಯಂ ಬಾಟಲಿಯನ್ನು ರಕ್ತನಾಳಕ್ಕೆ ನಿಧಾನವಾಗಿ, ಹೃದಯದ ಬಡಿತ ಕೇಳುತ್ತಾ ಹಾಕಬೇಕು. ಒಂದು ಬಾಟಲಿಗೆ 15-20 ನಿಮಿಷವಾದರೂ ಹಿಡಿಯುತ್ತದೆ. ಬೇಗ ಹೋದರೆ ಹೃದಯದ ಬಡಿತ ತಪ್ಪಿ ಹಸು ಅಲ್ಲೇ ಸಾಯಬಹುದು. ಬಾಟಲಿ ಹಿಡಿದುಕೊಳ್ಳುವವರು ಮನೆಯವರೇ ಅಲ್ಲವೇ? ಬಾಟಲಿ ಎತ್ತರಕ್ಕೆ ಹೋದಷ್ಟೂ ಔಷಧ ಜೋರಾಗಿ ಇಳಿಯುತ್ತದೆ. ಡಾಕ್ಟರು ಹೇಳಿದ ಎತ್ತರದಲ್ಲೇ ಹಿಡಿಯಿರಿ. ಕೈ ನೋಯುತ್ತದೆಂದೋ, ಬೇಗ ಮುಗಿಯಲೆಂದೋ ತಲೆಯ ಮೇಲೆ ಎತ್ತಬೇಡಿ.

ಬಾಟಲಿ ಹೋಗುತ್ತಿರುವಾಗ ಹಸು ತೇಗುತ್ತದೆ, ಮೈ ಅದುರುತ್ತದೆ, ಮೂತಿಯ ಮೇಲೆ ಬೆವರ ಹನಿ ಮೂಡುತ್ತದೆ, ಸಗಣಿ ಹಾಕುತ್ತದೆ. ಇವು ಒಳ್ಳೆಯ ಲಕ್ಷಣ, ಹೆದರಬೇಡಿ. ಉಸಿರಿಗೆ ಒದ್ದಾಡಿ ತಲೆ ಒಗೆಯತೊಡಗಿದರೆ ಮಾತ್ರ ಕೂಡಲೇ ಹೇಳಿ, ನಿಲ್ಲಿಸಬೇಕಾಗುತ್ತದೆ. ಕೆಲವು ಸಲ ಅರ್ಧ ಔಷಧವನ್ನು ಚರ್ಮದ ಕೆಳಗೆ ಹಾಕುತ್ತೇವೆ. ಅಲ್ಲಿ ದೊಡ್ಡ ಗುಳ್ಳೆಯ ಹಾಗೆ ಊದಿಕೊಳ್ಳುತ್ತದೆ. ಅಂಗೈಯಿಂದ ಚೆನ್ನಾಗಿ ತಿಕ್ಕಿದರೆ ಒಂದೆರಡು ದಿನದಲ್ಲಿ ಇಳಿಯುತ್ತದೆ.

ಚೇತರಿಸಿಕೊಂಡ ಹಸುಗಳಲ್ಲಿ ಸುಮಾರು ನಾಲ್ಕಕ್ಕೆ ಒಂದು, ಒಂದೆರಡು ದಿನದೊಳಗೆ ಮತ್ತೆ ಬೀಳುತ್ತದೆ. ಆದ್ದರಿಂದ ಮೊದಲ 24 ಗಂಟೆ ಕರುವಿಗೆ ಬೇಕಾದಷ್ಟು ಮಾತ್ರ ಕರೆಯಿರಿ. ಕೆಚ್ಚಲು ಬಿಗಿದಂತೆ ಕಂಡರೂ ಪರವಾಗಿಲ್ಲ. ರಾತ್ರಿ ಎರಡು ಸಲ ಎದ್ದು ಕಿವಿ ಮುಟ್ಟಿ ನೋಡಿ. ತಣ್ಣಗಿದ್ದರೆ ಬೆಳಗಾಗಲೆಂದು ಕಾಯಬೇಡಿ, ಆಗಲೇ ಫೋನು ಮಾಡಿ.

ಇನ್ನೊಂದು ಮಾತು ಅನೇಕರಿಗೆ ಆಶ್ಚರ್ಯವಾಗಬಹುದು. ತುಂಬು ಗಬ್ಬದ ಹಸುವಿಗೆ ಕೊನೆಯ ಮೂರು ವಾರ ಕ್ಯಾಲ್ಸಿಯಂ ಟಾನಿಕ್ ಕುಡಿಸುವುದು ಹಾಲು ಜ್ವರವನ್ನು ತಡೆಯುವುದಿಲ್ಲ, ಹೆಚ್ಚಿಸುತ್ತದೆ. ಹೊರಗಿನಿಂದ ಧಾರಾಳವಾಗಿ ಸಿಗುತ್ತಿದ್ದರೆ ಎಲುಬಿನಿಂದ ತೆಗೆದುಕೊಳ್ಳುವ ವ್ಯವಸ್ಥೆ ಸೋಮಾರಿಯಾಗುತ್ತದೆ. ಕ್ಯಾಲ್ಸಿಯಂ ಕೊಡುವುದಾದರೆ ಕರು ಹಾಕುವ ಹೊತ್ತಿಗೆ ಮತ್ತು ಆಮೇಲೆ. ಖನಿಜ ಮಿಶ್ರಣ ಆ ಮೂರು ವಾರ ಎಷ್ಟು ಕೊಡಬೇಕೆಂದು ನಿಮ್ಮ ಡಾಕ್ಟರನ್ನು ಕೇಳಿ.

ಕೆಚ್ಚಲು ಬಾವು: ಮೂರನೇ ದಿನದ ಆಸೆ

ಕೆಚ್ಚಲು ಬಾವಿನ ಲಕ್ಷಣ ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಒಂದು ಭಾಗ ಬಿಸಿಯಾಗಿ, ಗಟ್ಟಿಯಾಗಿ, ಕೈ ಇಟ್ಟರೆ ಒದೆಯುತ್ತದೆ. ಹಾಲಿನಲ್ಲಿ ಗರಣೆ, ನೀರು, ಕೆಲವೊಮ್ಮೆ ರಕ್ತ. ಕಣ್ಣಿಗೆ ಕಾಣದ ಬಾವೂ ಇದೆ. ಹಾಲು ಚೆನ್ನಾಗಿಯೇ ಕಾಣುತ್ತದೆ, ಆದರೆ ಅಳತೆ ಕಡಿಮೆಯಾಗುತ್ತಾ ಬರುತ್ತದೆ, ಎಸ್‌ಎನ್‌ಎಫ್ ಇಳಿಯುತ್ತದೆ, ಕಾಯಿಸಿದರೆ ಕೆಲವೊಮ್ಮೆ ಒಡೆಯುತ್ತದೆ. ಇದಕ್ಕೆ ನಾಲ್ಕು ಬಟ್ಟಲಿನ ತಟ್ಟೆಯಲ್ಲಿ ದ್ರಾವಣ ಹಾಕಿ ನೋಡುವ ಸಿಎಂಟಿ ಪರೀಕ್ಷೆ ಇದೆ. ನಿಮ್ಮ ಸಂಘದಲ್ಲಿ ಕೇಳಿ ಮಾಡಿಸಿ. ಬಾವಿನ ಜೊತೆ ಹಸುವಿಗೆ ಜ್ವರ ಬಂದು ಮೇವು ಬಿಟ್ಟರೆ, ಕಣ್ಣು ಒಳಗೆ ಹೋದರೆ, ಅಥವಾ ಕೆಚ್ಚಲು ಬಿಸಿಯ ಬದಲು ತಣ್ಣಗಾಗಿ ನೀಲಿ ಬಣ್ಣಕ್ಕೆ ತಿರುಗಿದರೆ ಅದು ತುರ್ತು. ಆಗ ಹೋಗುವುದು ಒಂದು ಮೊಲೆಯಲ್ಲ, ಹಸುವೇ ಹೋಗಬಹುದು.

ಬಾವು ಆಗಷ್ಟೇ ಶುರುವಾಗಿ ಹಸು ಲವಲವಿಕೆಯಿಂದ ಇದ್ದರೆ ಲೋಳೆಸರದ ಲೇಪ ಮಾಡಬಹುದು. 250 ಗ್ರಾಂ ಲೋಳೆಸರ, 50 ಗ್ರಾಂ ಅರಿಶಿನ ಪುಡಿ, 15 ಗ್ರಾಂ ಸುಣ್ಣ ಅರೆದು, ಸ್ವಲ್ಪ ಸ್ವಲ್ಪವೇ ನೀರಿನಲ್ಲಿ ಕಲಸಿ, ತೊಳೆದು ಹಾಲು ಹಿಂಡಿದ ಇಡೀ ಕೆಚ್ಚಲಿಗೆ ದಿನಕ್ಕೆ ಹತ್ತು ಸಲ ಐದು ದಿನ ಹಚ್ಚುವುದು. ಲೇಪ ದಿನಾ ಹೊಸದಾಗಿ ಅರೆಯಬೇಕು. ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿಯವರೂ ಇದನ್ನು ಪ್ರಚಾರ ಮಾಡುತ್ತಿದ್ದಾರೆ. ಪಶುವೈದ್ಯಳಾಗಿ ನನಗೂ ಇದರಲ್ಲಿ ಆಕ್ಷೇಪವಿಲ್ಲ. ಆದರೆ ಎರಡು ಸಲ ಹಚ್ಚಿ "ಹಚ್ಚಿದ್ದೇವೆ ಮೇಡಂ" ಎನ್ನುವುದಲ್ಲ. ಜ್ವರ ಬಂದ ಹಸುವಿಗೆ ಲೇಪ ಹಚ್ಚುತ್ತಾ ಎರಡು ದಿನ ಕಳೆಯುವುದೂ ಅಲ್ಲ.

ಆ್ಯಂಟಿಬಯಾಟಿಕ್ ಶುರು ಮಾಡಿದರೆ ನಡೆಯುವ ತಪ್ಪು ಒಂದೇ ತೆರನಾದದ್ದು. ಎರಡು ಟ್ಯೂಬು ಬಿಟ್ಟಾಗ ಗರಣೆ ನಿಲ್ಲುತ್ತದೆ, ಹಾಲು ತಿಳಿಯಾಗುತ್ತದೆ. ಮೂರನೇ ದಿನಕ್ಕೆ "ವಾಸಿಯಾಯ್ತಲ್ಲ, ಇನ್ನೂರು ರೂಪಾಯಿ ಉಳಿಯಿತು" ಎಂದು ನಿಲ್ಲಿಸಿಬಿಡುತ್ತೇವೆ. ರೋಗಾಣು ಪೂರ್ತಿ ಸತ್ತಿರುವುದಿಲ್ಲ. ಹದಿನೈದು ದಿನಕ್ಕೆ ಅದೇ ಮೊಲೆ ಮತ್ತೆ ಬಾವು, ಈ ಸಲ ಅದೇ ಔಷಧಕ್ಕೆ ಜಗ್ಗುವುದಿಲ್ಲ. ಕೊನೆಗೆ ಆ ಭಾಗ ಕಲ್ಲಿನಂತಾಗಿ ಮೂರು ಮೊಲೆಯ ಹಸುವಾಗುತ್ತದೆ. ಸಂತೆಯಲ್ಲಿ ಅದರ ಬೆಲೆ ಏನಾಗುತ್ತದೆ ಎಂದು ನಿಮಗೆ ಗೊತ್ತು.

ಟ್ಯೂಬು ಬಿಡುವ ಮುಂಚೆ ಹಾಲು ಪೂರ್ತಿ ಹಿಂಡಿ, ಮೊಲೆಯ ತುದಿಯನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿ. ಕೊಳೆ ಕೈಯಲ್ಲಿ ಬಿಟ್ಟ ಟ್ಯೂಬು ಹೊಸ ರೋಗಾಣುವನ್ನು ಒಳಗೆ ತಳ್ಳುತ್ತದೆ. ಟ್ಯೂಬಿನ ಮೂತಿಯನ್ನು ಪೂರ್ತಿ ತೂರಿಸದೆ ತುದಿಯಷ್ಟೇ ಇಟ್ಟು ಒತ್ತಿ. ಆ ದಿನ ಮೊಲೆ ಸ್ವಲ್ಪ ಬಿಗಿಯಾಗುವುದು, ಮುಂದಿನ ಹೊತ್ತಿನ ಹಾಲಿನಲ್ಲಿ ಔಷಧದ ಬಣ್ಣ ಕಾಣುವುದು ಸಹಜ.

ಇನ್ನು ಹಾಲಿನ ವಿಷಯ. ಒಂದೇ ಮೊಲೆಗೆ ಟ್ಯೂಬು ಬಿಟ್ಟಿದ್ದರೂ ಔಷಧ ರಕ್ತಕ್ಕೆ ಸೇರಿ ಉಳಿದ ಮೂರಕ್ಕೂ ಬರುತ್ತದೆ. ಆದ್ದರಿಂದ ನಾಲ್ಕೂ ಮೊಲೆಯ ಹಾಲು ಸಂಘಕ್ಕೆ ಬೇಡ. ಎಷ್ಟು ದಿನ ಎಂಬುದನ್ನು ಔಷಧದ ಮೇಲೆ ಬರೆದಿರುತ್ತಾರೆ. ಬರೆದಿರದಿದ್ದರೆ ಕೊನೆಯ ಡೋಸಿನ ನಂತರ ಕನಿಷ್ಠ 7 ದಿನ ಎಂದು ಔಷಧ ನಿಯಮವೇ ಹೇಳುತ್ತದೆ. ಕೊನೆಯ ಡೋಸಿನಿಂದ ಎಣಿಸಬೇಕು, ಮೊದಲನೆಯದರಿಂದಲ್ಲ. ದಿನಕ್ಕೆ ಹತ್ತು ಲೀಟರ್ ಕೊಡುವ ಹಸುವಾದರೆ ಚಿಕಿತ್ಸೆಯ ದಿನಗಳನ್ನು ಬಿಟ್ಟೇ 70 ಲೀಟರ್. ತಿಂಗಳ ಬಟವಾಡೆ ನೆಚ್ಚಿಕೊಂಡ ಮನೆಗೆ ಇದು ಸಣ್ಣ ನಷ್ಟವಲ್ಲ, ಹಾಗೆಂದು ನಾನು ಹೇಳುವುದೂ ಇಲ್ಲ. ಆದರೆ ನಿಮ್ಮ ಐದು ಲೀಟರ್ ಬಿಎಂಸಿಗೆ ಸೇರಿದರೆ ಊರಿನ ಎಲ್ಲರ ಹಾಲಿಗೂ ಆ ಔಷಧ ಸೇರಿತು. ಕಾಯಿಸಿದರೆ ಹೋಗುತ್ತದೆ ಎಂಬುದು ತಪ್ಪು, ಬಹಳಷ್ಟು ಆ್ಯಂಟಿಬಯಾಟಿಕ್ ಕುದಿಸಿದರೂ ಉಳಿಯುತ್ತದೆ. ಅಂಥ ಹಾಲಿಗೆ ಹೆಪ್ಪು ಹಾಕಿದರೆ ಮೊಸರು ಸರಿಯಾಗಿ ಆಗದಿರುವುದನ್ನು ನಿಮ್ಮಲ್ಲಿ ಕೆಲವರು ಕಂಡಿರಬಹುದು. ಮೊಸರು ಮಾಡುವ ಜೀವಾಣುವನ್ನೂ ಔಷಧ ಕೊಲ್ಲುತ್ತದೆ. ಆದರೆ ಮೊಸರಾಯಿತು ಎಂದ ಮಾತ್ರಕ್ಕೆ ಔಷಧ ಇಲ್ಲವೆಂದು ತಿಳಿಯಬೇಡಿ. ಆ ಹಾಲನ್ನು ಕರುವಿಗೂ ಕುಡಿಸಬೇಡಿ, ಗುಂಡಿಗೆ ಸುರಿಯಿರಿ.

ಸೂಜಿಯ ನಂತರದ ಮೊದಲ ಇಪ್ಪತ್ತು ನಿಮಿಷ

ಅಪರೂಪಕ್ಕೆ ಕೆಲವು ಹಸುಗಳಿಗೆ ಪೆನಿಸಿಲಿನ್‌ನಂಥ ಔಷಧ, ಕೆಲವೊಮ್ಮೆ ಲಸಿಕೆಯೂ ಒಗ್ಗುವುದಿಲ್ಲ. ಸೂಜಿ ಹಾಕಿದ ಕೆಲವೇ ನಿಮಿಷಗಳಲ್ಲಿ ಮೈಮೇಲೆ ಗಂಧೆ ಏಳುತ್ತವೆ, ಕಣ್ಣಿನ ರೆಪ್ಪೆ ಮತ್ತು ಮೂತಿ ಊದಿಕೊಳ್ಳುತ್ತದೆ, ಜೊಲ್ಲು ಸುರಿಯುತ್ತದೆ, ಉಸಿರಾಟ ಕಷ್ಟವಾಗಿ ಹಸು ಕುಸಿಯುತ್ತದೆ. ಇದಕ್ಕೆ ಔಷಧ ಇದೆ, ಆದರೆ ಕೂಡಲೇ ಕೊಡಬೇಕು. ಅದಕ್ಕೇ ಸೂಜಿ ಹಾಕಿದವರನ್ನು ಇಪ್ಪತ್ತು ನಿಮಿಷ ಕೂರಿಸಿಕೊಳ್ಳಿ. ಕಾಫಿ ಕೊಡುವುದು ನಮ್ಮ ಕಡೆ ಹೇಗೂ ರೂಢಿ, ಸೂಜಿಯ ಮುಂಚೆ ಕೊಡದೆ ಆಮೇಲೆ ಕೊಡಿ. ಹಿಂದೆ ಯಾವುದಾದರೂ ಔಷಧಕ್ಕೆ ಹೀಗಾಗಿದ್ದರೆ ಮೊದಲೇ ಹೇಳಿ. ಮೆಡಿಕಲ್ ಸ್ಟೋರಿನಿಂದ ತಂದು ಯಾರ ಕೈಯಲ್ಲೋ ಚುಚ್ಚಿಸುವವರಿಗೆ ನಾನು ಹೇಳುವುದೂ ಇದನ್ನೇ: ಹಸು ಬಿದ್ದರೆ ಎಬ್ಬಿಸುವ ಔಷಧ ಅವರ ಚೀಲದಲ್ಲಿ ಇರುವುದಿಲ್ಲ.

ನೋವಿನ ಔಷಧದ ಬಗ್ಗೆ ಒಂದು ಮಾತು. ಡೈಕ್ಲೋಫೆನಾಕ್ ಅನ್ನು ದನಗಳಿಗೆ ಬಳಸುವುದು 2006ರಿಂದ ನಿಷೇಧ. ಆ ಔಷಧ ಮೈಯಲ್ಲಿರುವಾಗ ಸತ್ತ ದನವನ್ನು ತಿಂದ ರಣಹದ್ದುಗಳ ಮೂತ್ರಪಿಂಡ ಕೆಟ್ಟು ದೇಶದಲ್ಲಿ ರಣಹದ್ದುಗಳೇ ಅಳಿದುಹೋಗುವ ಸ್ಥಿತಿ ಬಂದಿತ್ತು. ನಮ್ಮ ರಾಮನಗರದ ರಾಮದೇವರ ಬೆಟ್ಟದಲ್ಲಿ ಉಳಿದಿರುವುದೂ ಕೆಲವೇ ಕೆಲವು. ಅದಕ್ಕೆ ಬದಲಾಗಿ ಮೆಲಾಕ್ಸಿಕ್ಯಾಂ ಇದೆ. ಮನುಷ್ಯರ ಮಾತ್ರೆ, ಮನುಷ್ಯರ ಸೂಜಿಯನ್ನು ಹಸುವಿಗೆ ಹಾಕಿಸಬೇಡಿ.

ಗಬ್ಬದ ತಿಂಗಳು ಹೇಳಲು ಮರೆಯಬೇಡಿ, ಹಸುವಿನದೂ ನಿಮ್ಮದೂ

ಯಾವ ಡಾಕ್ಟರು ಬಂದರೂ ಮೊದಲ ಮಾತು ಹಸು ಎಷ್ಟು ತಿಂಗಳ ಗಬ್ಬ ಎಂಬುದಾಗಿರಲಿ. ಡೆಕ್ಸಾಮೆಥಸೋನ್‌ನಂಥ ಸ್ಟೀರಾಯ್ಡ್ ಸೂಜಿ ಊತಕ್ಕೆ, ಒಗ್ಗದಿಕೆಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಗಬ್ಬದ ಕೊನೆಯ ತಿಂಗಳುಗಳಲ್ಲಿ ಕೊಟ್ಟರೆ ಹಸು ದಿನ ತುಂಬುವ ಮುಂಚೆಯೇ ಕರು ಹಾಕಿಬಿಡಬಹುದು, ಮಾಸು ಬೀಳದೆ ಉಳಿಯಬಹುದು. ಹಾಲು ಕೊಡುವ ಹಸುವಿಗೆ ಕೊಟ್ಟರೆ ಕೆಲವು ದಿನ ಹಾಲು ಇಳಿಯುತ್ತದೆ. ಬೆದೆಗೆ ಬರಿಸಲು ಹಾಕುವ ಪ್ರೋಸ್ಟಾಗ್ಲಾಂಡಿನ್ ಸೂಜಿಯನ್ನು ಗಬ್ಬವಾಗಿರುವ ಹಸುವಿಗೆ ತಪ್ಪಿ ಹಾಕಿದರೆ ಕಂದು ಹಾಕುತ್ತದೆ. ಪರೀಕ್ಷೆ ಮಾಡದೆ ಈ ಸೂಜಿಗೆ ಒಪ್ಪಬೇಡಿ.

ಇದೇ ಸೂಜಿಯ ಬಗ್ಗೆ ಹೆಣ್ಣುಮಕ್ಕಳಿಗೆ ಯಾರೂ ಹೇಳದ ಮಾತೊಂದಿದೆ. ಈ ಔಷಧ ಚರ್ಮದ ಮೂಲಕವೇ ಮೈಯೊಳಗೆ ಹೋಗುತ್ತದೆ. ಬಸುರಿಯರಿಗೆ ಗರ್ಭಪಾತ ಆಗಬಹುದು, ಉಬ್ಬಸ ಇರುವವರಿಗೆ ಉಸಿರು ಕಟ್ಟಬಹುದು. ಬಸುರಿಯಾಗಿರುವವರು, ಆಗಿರಬಹುದೆಂಬ ಅನುಮಾನ ಇರುವವರು, ಉಬ್ಬಸ ಇರುವವರು ಆ ಸೀಸೆಯನ್ನೂ ಸಿರಿಂಜನ್ನೂ ಮುಟ್ಟಲೇಬಾರದು. "ಇದನ್ನು ಸ್ವಲ್ಪ ಹಿಡ್ಕೊಳ್ಳಮ್ಮ" ಎಂದರೆ ಇಲ್ಲ ಎನ್ನಿ. ಕಾರಣ ಹೇಳಲು ಸಂಕೋಚವಾದರೆ ಹೇಳಬೇಕಾಗಿಯೂ ಇಲ್ಲ, ಮನೆಯ ಗಂಡಸರನ್ನು ಕರೆದರಾಯಿತು. ಕೈಮೇಲೆ ಚೆಲ್ಲಿದರೆ ಕೂಡಲೇ ಸೋಪು ನೀರಿನಲ್ಲಿ ತೊಳೆದು, ಚುಚ್ಚಿಕೊಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ, ಔಷಧದ ಹೆಸರು ಹೇಳಿ.

ಲಸಿಕೆ ಹಾಕಿಸಿದರೆ ಹಾಲು ಕಡಿಮೆಯಾಗುತ್ತದಾ?

ಆಗುತ್ತದೆ. ಇದನ್ನು ಮುಚ್ಚಿಡುವುದರಿಂದಲೇ ಜನಕ್ಕೆ ಲಸಿಕೆಯ ಮೇಲೆ ನಂಬಿಕೆ ಹೋಗುತ್ತದೆ ಎಂದು ನನ್ನ ಅಭಿಪ್ರಾಯ. ಕಾಲುಬಾಯಿ ಬೇನೆಯ ಲಸಿಕೆ ಹಾಕಿದ ಮೇಲೆ ಒಂದೆರಡು ದಿನ ಮೈ ಬೆಚ್ಚಗಾಗುತ್ತದೆ, ಹಸು ಮಂಕಾಗುತ್ತದೆ, ಎರಡು ಮೂರು ದಿನ ಹಾಲು ಸ್ವಲ್ಪ ಇಳಿದು ಮತ್ತೆ ಮೊದಲಿನಂತಾಗುತ್ತದೆ. ಲಸಿಕೆಯಲ್ಲಿ ಎಣ್ಣೆಯ ಅಂಶ ಇರುವುದರಿಂದ ಚುಚ್ಚಿದ ಜಾಗ ಗಡ್ಡೆಯಂತಾಗಿ ಕೆಲವು ವಾರ ಉಳಿಯಬಹುದು. ನೋವಿಲ್ಲದಿದ್ದರೆ ಬಿಟ್ಟುಬಿಡಿ. ಗಡ್ಡೆ ಮೆತ್ತಗಾಗಿ, ಬಿಸಿಯಾಗಿ, ಕೀವು ತುಂಬಿದಂತೆ ಕಂಡರೆ, ಅಥವಾ ಮೂರು ದಿನ ಕಳೆದರೂ ಹಸು ಮೇವು ತಿನ್ನದಿದ್ದರೆ ಕರೆಯಿರಿ.

ಲಸಿಕೆಯ ಶಕ್ತಿ ಬರಲು ಎರಡು ಮೂರು ವಾರ ಬೇಕು. ಅಷ್ಟರಲ್ಲಿ ಊರಲ್ಲಿ ಬೇನೆ ಬಂದರೆ ಲಸಿಕೆ ಹಾಕಿದ್ದಕ್ಕೇ ಬಂತು ಎನ್ನುತ್ತಾರೆ, ಅದು ನಿಜವಲ್ಲ. ಆ ವೈರಸ್ ಮುಂಚೆಯೇ ಊರಿಗೆ ಬಂದಿರುತ್ತದೆ. ಕಾಲುಬಾಯಿ ಬೇನೆ ಬಂದ ಹಸು ವಾಸಿಯಾದರೂ ಎಷ್ಟೋ ಸಲ ಮೊದಲಿನ ಹಾಲಿಗೆ ಬರುವುದೇ ಇಲ್ಲ, ಬಿಸಿಲಿಗೆ ಏದುಸಿರು ಬಿಡುತ್ತದೆ, ಎಳೆಗರು ಒಂದೇ ದಿನದಲ್ಲಿ ಸಾಯಬಹುದು. ಮೂರು ದಿನದ ಹಾಲಿನ ನಷ್ಟವನ್ನು ಇದರ ಪಕ್ಕದಲ್ಲಿಟ್ಟು ನೀವೇ ನೋಡಿ. ಆರು ತಿಂಗಳಿಗೊಮ್ಮೆ, ನಾಲ್ಕು ತಿಂಗಳು ತುಂಬಿದ ಕರುವಿನಿಂದ ಹಿಡಿದು ಎಲ್ಲಕ್ಕೂ ಹಾಕಿಸಬೇಕು. ತುಂಬು ಗಬ್ಬದ ಹಸು ಇದ್ದರೆ ಲಸಿಕೆಯವರಿಗೆ ತಿಳಿಸಿ. ಹಗ್ಗ ಹಾಕಿ ಎಳೆದಾಡಿದರೆ ಆಗುವ ಗಾಬರಿಯಿಂದಲೇ ತೊಂದರೆಯಾಗಬಹುದು. ಅದಕ್ಕೆ ಯಾವಾಗ ಹಾಕಬೇಕೆಂದು ಅವರೇ ಹೇಳುತ್ತಾರೆ.

ಉಣ್ಣೆ ಔಷಧದ ಬಗ್ಗೆ ಚಿಕ್ಕದಾಗಿ: ಶೀಶೆಯ ಮೇಲೆ ಬರೆದ ಅಳತೆಗಿಂತ ಒಂದು ಮುಚ್ಚಳ ಹೆಚ್ಚು ಹಾಕಿದರೆ ಉಣ್ಣೆ ಬೇಗ ಸಾಯುವುದಿಲ್ಲ, ಹಸುವಿಗೆ ವಿಷವೇರುತ್ತದೆ. ಜೊಲ್ಲು, ನಡುಕ, ತೂರಾಡುವಿಕೆ ಕಂಡರೆ ಕೂಡಲೇ ಮೈ ತೊಳೆದು ಡಾಕ್ಟರಿಗೆ ಹೇಳಿ. ಹಚ್ಚುವ ಮುಂಚೆ ಹೊಟ್ಟೆ ತುಂಬ ನೀರು ಕುಡಿಸಿದರೆ ಹಸು ಮೈ ನೆಕ್ಕುವುದು ಕಡಿಮೆ. ನಿಮ್ಮ ಕೈಗೂ ಪ್ಲಾಸ್ಟಿಕ್ ಕವರನ್ನಾದರೂ ಕಟ್ಟಿಕೊಳ್ಳಿ. ಉಣ್ಣೆಯಿಂದ ಬರುವ ಥೈಲೀರಿಯಾ ಜ್ವರದಲ್ಲಿ 104-106 ಡಿಗ್ರಿ ಜ್ವರ ಬಂದು ಭುಜದ ಮುಂದೆ ನಿಂಬೆಹಣ್ಣಿಗಿಂತ ದೊಡ್ಡ ಗಡ್ಡೆ ಕಾಣುತ್ತದೆ. ಅದಕ್ಕೆ ಹಾಕುವ ಸೂಜಿ ದುಬಾರಿ, ಹಾಕಿದ ಜಾಗ ನೋವಿನಿಂದ ಊದುತ್ತದೆ, ಹಸು ಕತ್ತು ಬಗ್ಗಿಸಲು ಕಷ್ಟಪಡಬಹುದು. ಮೇವನ್ನು ಕೆಲವು ದಿನ ಎತ್ತರದಲ್ಲಿಡಿ.

ಫೋನು ಮಾಡುವಾಗ

ಕರು ಹಾಕಿ ಎಷ್ಟು ದಿನ ಅಥವಾ ಎಷ್ಟು ತಿಂಗಳ ಗಬ್ಬ, ಯಾವ ಔಷಧ ಯಾವಾಗ ಹಾಕಿದರು, ಹಾಕಿದ ಎಷ್ಟು ಹೊತ್ತಿಗೆ ಹೀಗಾಯಿತು, ಮೆಲುಕು ಹಾಕುತ್ತಿದೆಯೇ, ನಿಂತಿದೆಯೇ ಮಲಗಿದೆಯೇ. ಇಷ್ಟು ಹೇಳಿದರೆ ನಾವು ಸರಿಯಾದ ಔಷಧ ಹಿಡಿದುಕೊಂಡೇ ಹೊರಡುತ್ತೇವೆ. ಸಂಘದಲ್ಲಿ ತುರ್ತು ಕರೆ ಬರೆಸಬಹುದು. ಸರ್ಕಾರದ ಪಶು ಸಂಚಾರಿ ಚಿಕಿತ್ಸಾ ವಾಹನಕ್ಕೆ 1962ಕ್ಕೆ ಕರೆ ಮಾಡಬಹುದು.

ಔಷಧದ ಖಾಲಿ ಸೀಸೆ, ಟ್ಯೂಬಿನ ಕವರು ಎಸೆಯಬೇಡಿ. ಹಾಲಿನ ಪಾಸ್‌ಬುಕ್ ಇಡುವ ಜಾಗದಲ್ಲೇ ಒಂದು ಕವರಿನಲ್ಲಿ ಹಾಕಿ, ಮೇಲೆ ತಾರೀಕು ಮತ್ತು ಹಸುವಿನ ಹೆಸರು ಬರೆದಿಡಿ. ಬರೆಯಲು ಬಾರದಿದ್ದರೆ ಶಾಲೆಗೆ ಹೋಗುವ ಮಕ್ಕಳ ಕೈಯಲ್ಲಿ ಬರೆಸಿ. ಪ್ರೋಸ್ಟಾಗ್ಲಾಂಡಿನ್ ಸೂಜಿಯ ಸೀಸೆ ಮಾತ್ರ ಇಟ್ಟುಕೊಳ್ಳುವುದು ಬೇಡ, ಅದನ್ನು ಡಾಕ್ಟರ ಕೈಗೇ ವಾಪಸ್ ಕೊಟ್ಟು ಕಳಿಸಿ.